ಅಗಸೆ ಎಣ್ಣೆ ಎಂದು ನುಂಗಿದ ಗುಳಿಗೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ತಂಗಿಯ ಮೇಲೆ ನನಗೆ ಬಂದದ್ದು ಬರೀ ಸಿಟ್ಟಲ್ಲ. ಅವಳು ನನಗೆ ಮೋಸ ಮಾಡಿದಳು. ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ನಾನು ಹರಿಹರದಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿ ನಿವೃತ್ತಳಾದವಳು. ಅವ್ವ ಬೇಗ ಹೋದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿಗೆ ಜಡೆ ಹಾಕಿ, ಅಕ್ಷರ ತಿದ್ದಿಸಿ, ತುತ್ತು ಮಾಡಿ ತಿನ್ನಿಸಿದವಳು ನಾನು. ಈಗ ಅವಳು ದಾವಣಗೆರೆಯ ಕಾಲೇಜೊಂದರಲ್ಲಿ ಜೀವರಸಾಯನ ಪಾಠ ಮಾಡುತ್ತಾಳೆ. ಮನೆ ವಿದ್ಯಾನಗರದಲ್ಲಿ.

ಎರಡು ವರ್ಷದ ಹಿಂದೆ ನನಗೆ ಸಂಧಿವಾತ ಹಿಡಿಯಿತು. ಮಣಿಕಟ್ಟು, ಬೆರಳ ಗಿಣ್ಣು ಎಲ್ಲ ಊದಿಕೊಂಡವು. ರೊಟ್ಟಿ ಬಡಿಯುವುದು ಹೋಯಿತು, ಹೋಗಲಿ ಅಂದುಕೊಂಡೆ. ಆದರೆ ದಿನಾ ಬೆಳಿಗ್ಗೆ ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟು ಪೂಜೆ ಮಾಡದೆ ನಾನು ನೀರೂ ಮುಟ್ಟುವವಳಲ್ಲ. ಒಂದು ದಿನ ಹಿಡಿತ ತಪ್ಪಿ ಲಿಂಗ ಮಡಿಲಿಗೆ ಜಾರಿತು. ಅಯ್ಯೋ ಶಿವನೇ! ಅವ್ವ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ವಿಷಯ ಕೇಳಿ ತಂಗಿ ಮರುದಿನವೇ ಸ್ಕೂಟಿ ಹಾಕಿಕೊಂಡು ಬಂದಳು. ನನ್ನ ಕೈ ಹಿಡಿದು ಪಾಠ ಶುರು ಮಾಡಿದಳು.

"ಅಕ್ಕ, ಮೈಯಾಗ ಉರಿಯೂತ ಏಳೋದು ಒಂದು ಕೆಲ್ಸ, ಇಳಿಯೋದು ಇನ್ನೊಂದು ಕೆಲ್ಸ. ಅದು ತಾನಾಗೇ ಇಳಿಯಂಗಿಲ್ಲ. ಇಳಿಸೋಕೆ ನಮ್ ಮೈಯೇ ಕೊಬ್ಬಿನಿಂದ ಕೆಲವು ಅಣು ಮಾಡ್ಕೊಂತೈತೆ. ರಿಸಾಲ್ವಿನ್ ಅಂತಾರೆ. ಓಣ್ಯಾಗ ಜಗಳ ಆದಾಗ ಹಿರೇರು ಬಂದು, 'ಸಾಕು, ಎಲ್ಲಾರೂ ಮನಿಗೆ ಹೋಗ್ರಿ' ಅಂತಾರಲ್ಲ, ಹಂಗೆ."

"ನನ್ ಮೈಯಾಗ ಆ ಹಿರೇರು ಎಲ್ಲಿ ಸತ್ರು?" ಎಂದೆ.

"ಅವ್ರಿಗೆ ಬೇಕಾದ ಎಣ್ಣೆ ಇದ್ರಾಗ ಐತೆ," ಎಂದು ಹಳೇ ಜೇನಿನ ಬಾಟಲಿಯೊಂದನ್ನು ಕೈಗಿಟ್ಟಳು. ಅದರ ತುಂಬ ಹೊಂಬಣ್ಣದ ಗುಳಿಗೆಗಳು. "ಅಗಸೆ ಎಣ್ಣೆದು. ಡಾಕ್ಟರ್ ಮಾತ್ರೆ ಬಿಡಬ್ಯಾಡ, ಅದ್ರ ಜೊತಿಗೆ ದಿನಾ ಎರಡು ನುಂಗು."

ಅಗಸೆ ಚಟ್ನಿಪುಡಿ ತಿಂದೇ ಬೆಳೆದವರು ನಾವು. ಅನುಮಾನ ಯಾಕೆ ಬರಬೇಕು? ಒಳ್ಳೆಯದಾಗಲಿ ಎಂದು ಪೂಜೆ ಮುಗಿದ ಕೂಡಲೇ ತೀರ್ಥದ ಜೊತೆಗೇ ನುಂಗತೊಡಗಿದೆ. ತೇಗು ಬಂದರೆ ಮಾತ್ರ ಎಂಥದೋ ಕೆಟ್ಟ ವಾಸನೆ. ಫೋನ್ ಮಾಡಿ ಕೇಳಿದರೆ, "ಅಗಸೆ ಎಣ್ಣೆ ಹಂಗೇ ಅಕ್ಕ" ಎಂದಳು. ಹೊಳೆ ಕಡೆ ಮೀನು ಮಾರುವವರನ್ನು ಕಂಡರೆ ಸೆರಗು ಮೂಗಿಗೆ ಒತ್ತಿಕೊಂಡು ದಾಟುವವಳು ನಾನು. ನನಗೆ ಆ ವಾಸನೆಯ ಗುರುತು ಹೇಗೆ ಸಿಗಬೇಕು?

ಮೂರು ತಿಂಗಳಲ್ಲಿ ಊತ ಇಳಿಯಿತು. ಡಾಕ್ಟರೂ ನಡುವೆ ಮಾತ್ರೆ ಬದಲಿಸಿದ್ದರು. ಯಾವುದರಿಂದ ಇಳಿಯಿತೋ ಆ ಶಿವನೇ ಬಲ್ಲ. ನಾನಂತೂ ಸಿಕ್ಕಸಿಕ್ಕವರ ಮುಂದೆ ತಂಗಿಯನ್ನು ಹೊಗಳಿದ್ದೇ ಹೊಗಳಿದ್ದು.

ಬಾಟಲಿ ಖಾಲಿಯಾಗುತ್ತ ಬಂದಿತ್ತು. ಏನೋ ಕೆಲಸಕ್ಕೆ ದಾವಣಗೆರೆಗೆ ಹೋದವಳು ಎಂ.ಸಿ.ಸಿ. ಬಡಾವಣೆಯ ಔಷಧಿ ಅಂಗಡಿಯಲ್ಲಿ ಜೊತೆಗೆ ಒಯ್ದಿದ್ದ ಬಾಟಲಿಯಿಂದ ಒಂದು ಗುಳಿಗೆ ತೆಗೆದು ತೋರಿಸಿ, ಇಂಥದೇ ಅಗಸೆ ಎಣ್ಣೆಯದು ಕೊಡಿ ಎಂದೆ.

ಅಂಗಡಿಯವನು ತಿರುಗಿಸಿ ನೋಡಿದ. "ಇದು ಮೀನೆಣ್ಣೆ ಇದ್ದಂಗೈತಲ್ರೀ ಅಮ್ಮಾ."

"ಬಾಯಿಗೆ ಬಂದಂಗೆ ಮಾತಾಡಬ್ಯಾಡ್ರಿ! ನಮ್ ಮನ್ಯಾಗ ಮೊಟ್ಟೆ ಸೈತ ತರಂಗಿಲ್ಲ. ಕೊಟ್ಟಾಕಿ ನನ್ ತಂಗಿ, ಕಾಲೇಜಿನಾಗ ಪಾಠ ಮಾಡ್ತಾಳೆ."

ಅವನು ಗುಳಿಗೆಗೆ ಪಿನ್ನು ಚುಚ್ಚಿ ನನ್ನ ಮುಂದೆ ಹಿಡಿದ. ಹೊಳೆದಂಡೆಯ ವಾಸನೆ. ಸೆರಗು ಮೂಗಿಗೆ ಒತ್ತಿಕೊಂಡೆ. ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕೂತೆ. ತೀರ್ಥದ ಜೊತೆಗೆ, ಶಿವನೇ, ಮೂರು ತಿಂಗಳು!

ವಿದ್ಯಾನಗರದ ಮನೆಗೆ ಹೋಗಿ ಬಾಟಲಿಯನ್ನು ತಂಗಿಯ ಮುಂದೆ ಕುಕ್ಕಿದೆ. "ಇದು ಮೀನೆಣ್ಣೆ ಅಂತಲ್ಲೇ!" ಎಂದೆ.

"ಅಗಸೆದು ಕೊಡಬೇಕಂತಲೇ ಇದ್ದೆ ಅಕ್ಕ. ಅದ್ರಿಂದ ಮೈ ಆ ರಿಸಾಲ್ವಿನ್ ಮಾಡ್ಕೊಳ್ಳೋದು ತೀರಾ ಕಮ್ಮಿ, ಮೀನೆಣ್ಣೆಯಿಂದ ಜಾಸ್ತಿ. ನಿನ್ ಕೈ ನೋಡೋಕೆ ಆಗ್ಲಿಲ್ಲ. ಹೇಳಿದ್ರೆ ನುಂಗ್ತಿದ್ಯಾ?"

"ಇಲ್ಲ."

"ಮತ್ತೆ?"

"ಮತ್ತೆ ಅಂತೀಯಲ್ಲೇ! ನುಂಗೋದು ಬಿಡೋದು ನನಗೆ ಬಿಟ್ಟಿದ್ದು. ನನ್ ಕೈ ಬೇಕಾದ್ರೆ ಸೊಟ್ಟ ಆಗ್ಲಿ, ಅದು ನಂದು. ನೀನ್ಯಾರೇ ನನ್ ಪೂಜಿಗೆ ಮೀನು ಹಾಕೋಕೆ?" ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಅವಳು ಅತ್ತಳು. ಪಾಚಿಯಿಂದ ತೆಗೆದ ಎಣ್ಣೆಯೂ ಸಿಗುತ್ತದೆ, ಅದರಲ್ಲಿ ಮೀನು ಇಲ್ಲವೇ ಇಲ್ಲ, ಮೊದಲೇ ಹುಡುಕಬೇಕಿತ್ತು ಎಂದಳು. ನಾನು ಸಮಾಧಾನ ಮಾಡಲಿಲ್ಲ. ಎದ್ದು ಹೊರಟ ನನ್ನ ಕೈ ಹಿಡಿದು, "ಉಂಡು ಹೋಗಕ್ಕ, ನಿನ್ ಕಾಲ್ ಬೀಳ್ತೀನಿ" ಎಂದು ಗೋಗರೆದಳು. ಹೊತ್ತೂ ಆಗಿತ್ತು. ಕೂತೆ.

ತಟ್ಟೆಗೆ ರೊಟ್ಟಿ ಹಾಕಿ ಪಲ್ಯ ಬಡಿಸಿದಳು. ತುತ್ತು ಮುರಿದ ನನ್ನ ಕೈ ನಿಂತಿತು. ಅವಳ ಮನೆಯಲ್ಲಿ ಇಷ್ಟು ವರ್ಷ ಎಂದೂ ಕೇಳದ ಮಾತು ನನ್ನ ಬಾಯಿಂದ ಬಂತು:

"ಇದ್ರಾಗ ಏನೇನ್ ಹಾಕಿದ್ದೀ?"

ಅವಳು ಸೌಟು ಕೆಳಗಿಟ್ಟಳು. ಆಮೇಲೆ ಶಾಲೆಯ ಮಗು ಪಾಠ ಒಪ್ಪಿಸುವ ಹಾಗೆ ಒಂದೊಂದೇ ಹೇಳಿದಳು. ಬದನೆಕಾಯಿ, ಶೇಂಗಾ ಪುಡಿ, ಹುಣಸೆಹಣ್ಣು, ಬೆಲ್ಲ. ಉಪ್ಪನ್ನೂ ಬಿಡಲಿಲ್ಲ.