ಅಯ್ಯಮ್ಮನ ಮೊದಲ ಸಾಲು

ದೇವಾಪುರದ ಗದ್ದೆಗಳಲ್ಲಿ ನಾಟಿಯ ಮೊದಲ ಸಾಲು ಅಯ್ಯಮ್ಮನದು. ಇಪ್ಪತ್ತು ವರ್ಷದಿಂದ ಹನ್ನೆರಡು ಹೆಂಗಸರ ಗುಂಪು ಅವಳ ಕೈ ನೋಡಿಕೊಂಡೇ ಸಸಿ ಊರುತ್ತಿತ್ತು. ಹಗ್ಗ ಹಿಡಿದರೂ ಅವಳ ಸಾಲಿನಲ್ಲಿ ಕೊಂಕು ಸಿಗದು ಎಂದು ಊರು ಹೇಳುತ್ತಿತ್ತು. ಅವಳೂ ಹೇಳಿಕೊಳ್ಳುತ್ತಿದ್ದಳು, ಸುಳ್ಳು ಸಂಕೋಚವೆಲ್ಲ ಅವಳಿಗೆ ಬರುತ್ತಿರಲಿಲ್ಲ.

ಅಂಥವಳು ಹೋದ ಮಳೆಗಾಲದ ನಾಟಿಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಳು. ನಾಲ್ಕು ಹೆಜ್ಜೆಗೆ ಏದುಸಿರು. ಮುಖ ಬಿಳಿಚಿತ್ತು, ಸಂಜೆಯಾದರೆ ಕಾಲು ಬಾತುಕೊಳ್ಳುತ್ತಿತ್ತು. ಸಾಲದ್ದಕ್ಕೆ ಗೋಡೆಯ ಮಣ್ಣು ಕೆರೆದು ಕದ್ದು ತಿನ್ನುವ ಚಪಲ ಬೇರೆ.

"ಇನ್ನ ಮೊದಲ ಸಾಲು ಸೊಸಿಗೆ ಬಿಡಬೇ, ವಯಸ್ಸಾತು," ಎಂದು ಗೆಳತಿ ಚಂದಮ್ಮ ಅಂದ ದಿನ ಅಯ್ಯಮ್ಮ ಬುತ್ತಿ ಬಿಚ್ಚದೆ ಹಾಗೇ ಮನೆಗೆ ತಂದಳು. ನಲವತ್ತೈದಕ್ಕೇ ಮುದುಕಿಯೇ?

ಮೊದಲ ಸಾಲು ಸಿಗುತ್ತದೆಂದು ಸೊಸೆ ಭಾಗ್ಯ ಹಿಗ್ಗಲಿಲ್ಲ. ಮರುದಿನವೇ ಅತ್ತೆಯನ್ನು ಸುರಪುರದ ಆಸ್ಪತ್ರೆಗೆ ಎಳೆದೊಯ್ದಳು. ಹನ್ನೆರಡು ಇರಬೇಕಾದ ರಕ್ತದ ಅಂಶ ಆರಕ್ಕಿಳಿದಿತ್ತು. ಮಲದಲ್ಲಿ ಕೊಕ್ಕೆಹುಳದ ಮೊಟ್ಟೆಗಳಿದ್ದವು. ಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ರಕ್ತ ಕಡಿಮೆಯಾದವರಿಗೇ ಮಣ್ಣು ತಿನ್ನುವ ಆಸೆ ಹುಟ್ಟುವುದುಂಟು, ಇನ್ನೂ ತಡವಾಗಿದ್ದರೆ ಹೃದಯವೇ ಸೋಲುತ್ತಿತ್ತು ಎಂದು ನರ್ಸ್ ಪರಿಮಳಾ ಬಿಡಿಸಿ ಹೇಳಿದಳು. ಹುಳದ ಗುಳಿಗೆಯ ಜೊತೆಗೆ ನಾಲ್ಕು ತಿಂಗಳು ಕಬ್ಬಿಣದ ಗುಳಿಗೆ ನುಂಗಿದರೆ ಮೊದಲಿನಂತಾಗಬಹುದು ಎಂದೂ ಧೈರ್ಯ ತುಂಬಿದಳು.

"ಹುಳ ಹೋಗ್ತಾವ ಅಯ್ಯಮ್ಮ. ಆದ್ರ ಹೊಲಸು ಮಣ್ಣು ಬರಿಗಾಲಿಲೆ ತುಳಿದ್ರ ಕಾಲಾಗಿಂದನ ಮತ್ತ ಒಳಗ ಬರ್ತಾವ."

ಗದ್ದೆ ಎಂದರೆ ಲಕ್ಷ್ಮಿ ಎಂದು ಎಲ್ಲರ ಚಪ್ಪಲಿಯನ್ನೂ ರಸ್ತೆಯಲ್ಲೇ ಬಿಡಿಸುತ್ತಿದ್ದವಳು ಅಯ್ಯಮ್ಮನೇ. ಅಲ್ಲಿಂದ ಮುಂದೆ ಬರಿಗಾಲಲ್ಲಿ ನಡೆಯುತ್ತಿದ್ದ ಬದುವೇ ಊರವರು ಮುಂಜಾನೆ ತಂಬಿಗೆ ಹಿಡಿದು ಕೂರುವ ಜಾಗ. ತನ್ನ ಭಕ್ತಿಯೇ ಹುಳಕ್ಕೆ ಹಾದಿ ಮಾಡಿಕೊಟ್ಟಿತ್ತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ವಾರವೇ ಇಡೀ ಗುಂಪನ್ನು ಆಸ್ಪತ್ರೆಗೆ ಕರೆತಂದು, ಎದುರಿಗೆ ನಿಂತು ಗುಳಿಗೆ ನುಂಗಿಸಿದಳು.

ಬೇಸಿಗೆ ಬೆಳೆಯ ನಾಟಿ ಬಂತು. ಗದ್ದೆಯ ಯಜಮಾನ ಮಲ್ಲಣ್ಣ ಸಸಿ ಕೀಳಿಸಿಟ್ಟು ಕಾಯುತ್ತಿದ್ದ. ಹೆಂಗಸರು ಚಪ್ಪಲಿ ಮೆಟ್ಟಿಕೊಂಡೇ ರಸ್ತೆಯಲ್ಲಿ ನಿಂತರು. ಲಕ್ಷ್ಮಿಯ ಹತ್ತಿರ ಚಪ್ಪಲಿಯೇ ಎಂದು ಅವನು ಹುಬ್ಬು ಗಂಟಿಕ್ಕಿದ.

"ಲಕ್ಷ್ಮಿ ನಾಟಿ ಮಾಡೊ ಮಡಿಯಾಗ ಅದಾಳ್ರಿ, ಬದುವಿನ ಮ್ಯಾಲ ಇಲ್ಲ," ಎಂದಳು ಅಯ್ಯಮ್ಮ. "ಮಡಿ ತನಕ ಮೆಟ್ಟಿಕೊಂಡ ಬರ್ತೀವಿ. ಇನ್ನ ಬದುವಿನ ಮ್ಯಾಲ ಯಾರೂ ಕುಂದ್ರಬಾರದು, ನಿಮ್ಮ ಮನಿಯವರು ಸೈತ. ಒಪ್ಪಿದ್ರ ಇಳಿತೀವಿ."

ಮಲ್ಲಣ್ಣ ಬಾಡುತ್ತಿದ್ದ ಸಸಿಯನ್ನು ನೋಡಿದ, ಕದಲದ ಹೆಂಗಸರನ್ನು ನೋಡಿದ. ತುಸು ಹೊತ್ತಿನಲ್ಲಿ ತಾನೇ ಜಾಲಿಮುಳ್ಳು ಎಳೆತಂದು ಊರಿನ ಕಡೆಯಿಂದ ಬದುವಿಗೆ ಬರುವ ಕಾಲುದಾರಿಗೆ ಅಡ್ಡ ಹಾಕಿದ.

ಮಡಿಯ ಅಂಚಿನಲ್ಲಿ ಹದಿಮೂರು ಜೊತೆ ಚಪ್ಪಲಿ ಕೂತವು. ಅಯ್ಯಮ್ಮನ ರಕ್ತ ಈಗ ಹನ್ನೊಂದೂವರೆ. ಅವಳು ಸೀರೆ ಎತ್ತಿ ಕಟ್ಟಿ, ಒಂದೇ ಉಸಿರಿಗೆ ಎಂಬಂತೆ ಆ ಬದುವಿನಿಂದ ಈ ಬದುವಿಗೆ ಮೊದಲ ಸಾಲು ಮುಗಿಸಿ ಸೊಂಟ ನೆಟ್ಟಗೆ ಮಾಡಿದಳು. ಭಾಗ್ಯಳ ಮುಖದಲ್ಲಿ ತಾನೇ ಗೆದ್ದಷ್ಟು ಹೆಮ್ಮೆ.

"ಚಂದಮ್ಮ, ಹಗ್ಗ ತಾ," ಎಂದಳು ಅಯ್ಯಮ್ಮ.

ಚಂದಮ್ಮ ನಗುತ್ತ ತಂದು ಹಿಡಿದಳು. ಕೊಂಕು ಸಿಗಲಿಲ್ಲ.