ಪಾದದ ಅಂಚಿನ ಕೆಂಪು

ಸಾಸಿವೆ ಕಾಳಿನ ಅರ್ಧದಷ್ಟೂ ಇಲ್ಲದ ಒಂದು ಕೆಂಪು ಬಣ್ಣದ ಚಕ್ಕೆ, ನನ್ನ ಬಲಗೈಯ ಉಂಗುರ ಬೆರಳಿನ ತುದಿಯಲ್ಲಿ. ಅದನ್ನು ಉದುರಿಸಿದವಳು ನಾನು. ತಪ್ಪು ತಮ್ಮದೆಂದು ವಿಮಲಾ ಆಂಟಿ ತಿಳಿದರು — ನಾನು ಸುಮ್ಮನಿದ್ದೆ, ಏಳು ವರ್ಷ.

ಆಗ ನಾನು ಆಸ್ಟಿನ್‌ನಲ್ಲಿ ಕಲಾ ಇತಿಹಾಸ ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ಹ್ಯೂಸ್ಟನ್‌ನ ಒಂದು ಸಣ್ಣ ಮ್ಯೂಸಿಯಂನಲ್ಲಿ ಆಂಟಿಗೆ ಸಹಾಯಕಿಯಾದೆ. ಆಂಟಿ ಧಾರವಾಡದವರು, ಹಳೆಯ ಶಿಲ್ಪಗಳನ್ನು ಶುಚಿಮಾಡಿ ಉಳಿಸುವುದು ಅವರ ಕೆಲಸ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಅವರ ಮನೆಯಲ್ಲೇ ನನ್ನ ವಾಸ. ನಾನು ಸಾರಿಗೆ ಬೆಲ್ಲ ಹಾಕಿದರೆ, ಇದು ಸಾರೋ ಪಾಯಸವೋ ಎಂದು ಆಂಟಿ ಅಂಕಲ್ ಎದುರಿಗೇ ಕೇಳುತ್ತಿದ್ದರು. ಅಷ್ಟು ನಕ್ಕ ಬೇಸಿಗೆ ನನಗೆ ಮತ್ತೆ ಬಂದಿಲ್ಲ.

ನಮ್ಮ ಮೇಜಿನ ಮೇಲಿದ್ದದ್ದು ಗಾಂಧಾರದ ಉಬ್ಬುಶಿಲ್ಪ — ಸುಣ್ಣದ ಗಾರೆಯಲ್ಲಿ ಮಾಡಿ ಬಣ್ಣ ಹಚ್ಚಿದ ಬೋಧಿಸತ್ವ, ಒಂದೂವರೆ ಸಾವಿರ ವರ್ಷ ಹಳೆಯದು. ಆಂಟಿಯ ಮೆತ್ತನೆಯ ಬ್ರಷ್ಷಿಗೆ ಧೂಳಿನಡಿಯಿಂದ ಬಣ್ಣಗಳು ಒಂದೊಂದಾಗಿ ಏಳುತ್ತಿದ್ದವು. "ಬಾ ಇಲ್ಲೆ, ತುಟಿ ಬಂತು ನೋಡು. ಇನ್ನ ಮಾತಾಡ್ತಾನ," ಎಂದು ಅವರು ಕರೆದರೆ ವರದಿ ಬರೆಯುತ್ತಿದ್ದ ಪೆನ್ಸಿಲ್ ಅಲ್ಲೇ ಬಿಟ್ಟು ಓಡುತ್ತಿದ್ದೆ.

ಬಣ್ಣವಿರುವ ಕಡೆ ಕೈ ತಾಗಿಸಬಾರದು, ಗ್ಲೌಸ್ ಹಾಕಿದ್ದರೂ. ಮೊದಲ ದಿನವೇ ಬರೆದುಕೊಂಡಿದ್ದೆ. ಆದರೆ ಪಾದದ ಅಂಚಿನ ಕೆಂಪು ಗೆರೆ ಹೊರಬಂದ ದಿನ, ಆಂಟಿ ಊಟಕ್ಕೆ ಹೋಗಿದ್ದಾಗ, ನಾನೊಬ್ಬಳೇ — ಆ ಪಾದವನ್ನು ಬರಿಗೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಯೋಚಿಸಿ ಮಾಡಿದ್ದಲ್ಲ. ಬೆರಳಿಗೆ ಅಂಟಿಬಂದ ಚಕ್ಕೆಯನ್ನು ಟಿಶ್ಯೂವಿನಲ್ಲಿ ಒರೆಸಿ ಬುಟ್ಟಿಗೆ ಹಾಕಿದೆನಲ್ಲ — ಅದು ಯೋಚಿಸಿ ಮಾಡಿದ್ದು.

ಆಂಟಿ ಬಂದು, ಕೆಂಪಿನ ನಡುವೆ ಬಿಳಿ ಚುಕ್ಕೆ ಕಂಡು, ಬಹಳ ಹೊತ್ತು ಬಾಗಿ ನೋಡಿದರು.

"ಮುಂಜಾನೆ ನಾನ ಬ್ರಷ್ ಆಡಿಸಿದ್ದೆ. ನನ್ನ ಕೈಯಿಂದನ ಹೋಗೇದ. ವರದಿಯೊಳಗ ಹಂಗ ಬರಿ."

ವರದಿಯಲ್ಲಿ ಅವರು ಹೇಳಿದಂತೆಯೇ ಬರೆದೆ, ನೀಟಾಗಿ.

ಮೊನ್ನೆ ಆಂಟಿ ಸೌತ್‌ಲೇಕ್‌ನಲ್ಲಿರುವ ತಮ್ಮ ತಂಗಿಯ ಮನೆಗೆ ಬಂದಿದ್ದರು. ನಾನೀಗ ಹತ್ತಿರದ ಡಲ್ಲಾಸ್‌ನಲ್ಲಿ ಕೆಲಸದಲ್ಲಿದ್ದೇನೆ, ನೋಡಲು ಹೋದೆ. ಮ್ಯೂಸಿಯಂಗೆ ಬಣ್ಣದ ಗಾರೆಶಿಲ್ಪ ಇನ್ನೊಂದು ಬಂದಿದೆಯಂತೆ, ಅದನ್ನು ಶುಚಿಮಾಡಲು ಆಂಟಿ ಒಲ್ಲೆ ಎಂದರಂತೆ. ಆ ಬಣ್ಣ ಉದುರಿದ ದಿನದಿಂದ ಅವರು ಬರೀ ಕಲ್ಲಿನ ಶಿಲ್ಪಗಳನ್ನಷ್ಟೇ ಮುಟ್ಟುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ — ಗೊತ್ತುಮಾಡಿಕೊಂಡಿರಲಿಲ್ಲ.

"ನನ್ನ ಕೈ ಮ್ಯಾಲೆ ನನಗ ನಂಬಿಕಿ ಇಲ್ಲವ್ವಾ," ಎಂದರು.

"ಆ ಪಾದದ ಬಣ್ಣ ಹೋದದ್ದು ನನ್ನಿಂದ, ಆಂಟಿ. ಮುಟ್ಟಿ ಕಣ್ಣಿಗೊತ್ತಿಕೊಂಡೆ."

ಆಂಟಿ ಚಹಾದ ಕಪ್ ಕೆಳಗಿಟ್ಟು ತಮ್ಮ ಎರಡೂ ಕೈ ತಿರುಗಿಸಿ ನೋಡಿಕೊಂಡರು.

"ಹಂಗಾರ ಈ ಕೈ ಚಲೋನ ಅವ."

ನಗತೊಡಗಿದರು. ತಂಗಿಯನ್ನು ಕರೆದು ಮತ್ತೆ ಮೊದಲಿಂದ ಹೇಳಿ, ಕಣ್ಣೊರೆಸಿಕೊಂಡು ನಕ್ಕರು. ಅಲ್ಲಿಂದಲೇ ಮ್ಯೂಸಿಯಂಗೆ ಫೋನ್ ಮಾಡಿ, ಆ ಹೊಸ ಶಿಲ್ಪದ ಕೆಲಸ ತಾವೇ ಮಾಡುವುದಾಗಿ ಮೆಸೇಜ್ ಬಿಟ್ಟರು. ನಾನೂ ನಕ್ಕೆ, ಅವರ ಸಂತೋಷದ ಎದುರು ಬೇರೇನೂ ಮಾಡಲಾಗುತ್ತಿರಲಿಲ್ಲ. ನಗು ನಿಂತ ಮೇಲೆ, ಬೈಯದೆ, "ಏಳು ವರ್ಷ, ಅಲ್ಲೇನವ್ವಾ?" ಎಂದರು.

ಮರುದಿನ ಬೆಳಿಗ್ಗೆ ಮ್ಯೂಸಿಯಂಗೆ ಪತ್ರ ಬರೆದೆ: ಪಾದದ ಬಣ್ಣ ಹೋದದ್ದು ಬ್ರಷ್ಷಿನಿಂದಲ್ಲ, ಸಹಾಯಕಿಯ ಕೈಯಿಂದ, ವರದಿ ತಿದ್ದಬೇಕು. ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಏಕೆ ಮುಟ್ಟಿದೆ ಎಂಬುದನ್ನು ಬರೆಯಲಿಲ್ಲ.