ಅಜ್ಜಿ ಕೂರುವ ತನಕ

ನಮ್ಮವರು, ಕಮಲಾಕ್ಷ ದೇವಾಡಿಗರು, ಇಲ್ಲಿ ಪರದೇಶದ ವೆರಿಬೀ ಎಂಬ ಊರಿನಲ್ಲಿ ಬಸ್ ಓಡಿಸುತ್ತಾರೆ. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಬಸ್ಸಿನ ಸುದ್ದಿಯಲ್ಲ, ಟ್ರಂಪೆಟ್ಟಿನ ಸುದ್ದಿ. ಜಂಬ ಅನ್ನಿ, ನನಗೇನೂ ಬೇಸರವಿಲ್ಲ.

ಉಡುಪಿಯಲ್ಲಿ ಇವರ ಅಪ್ಪನದು ಮದುವೆಯ ಬ್ಯಾಂಡ್ ಸೆಟ್. ಇಲ್ಲಿನ ಸಬರ್ಬಿನ ಬ್ಯಾಂಡ್ ಸೇರಿದ ಇವರನ್ನು ನಾಲ್ಕು ವರ್ಷ ಕೊನೆಯ ಸಾಲಿನಲ್ಲೇ ಕೂರಿಸಿದರು. ಅದನ್ನು ನೋಡಿ ನನ್ನ ಮೈ ಉರಿಯುತ್ತಿತ್ತು. ಇವರಿಗೋ, ಒಂದಿಷ್ಟೂ ಇಲ್ಲ.

2006ರಲ್ಲಿ ಬ್ಯಾಂಡಿನ ಹೊಸ ಹಾಲ್ ಉದ್ಘಾಟನೆಯ ಹೊತ್ತಿಗೆ ಮೊದಲ ಟ್ರಂಪೆಟ್ಟಿನವನು ಸಿಡ್ನಿಗೆ ಹೋಗಿಬಿಟ್ಟಿದ್ದ. ಬ್ಯಾಂಡ್ ಮಾಸ್ಟರ್ ಗ್ರೇಮ್ ಇವರನ್ನು ಕರೆದ. ಅಂದು ಸರಿಯಾಗಿ ಊದಿದರೆ ಅವನ ಮೊದಲ ಕುರ್ಚಿ ಇವರಿಗೆ, ತಪ್ಪಿದರೆ ಬೇರೆಯವರಿಗೆ ಎಂದ. ನುಡಿಸಬೇಕಾದದ್ದು ಇಂಟ್ರಾಡಾ. ನಾನೂರು ವರ್ಷಗಳ ಹಿಂದೆ ಯುರೋಪಿನ ಅರಮನೆಗಳಲ್ಲಿ ದೊಡ್ಡವರು ಒಳಗೆ ಬರುವಾಗ ನುಡಿಸುತ್ತಿದ್ದ ಸಂಗೀತವಂತೆ. ಹಾಳೆಯಲ್ಲಿ ಇದ್ದದ್ದು ಎರಡೇ ನಿಮಿಷ ನುಡಿಸುವಷ್ಟು. ಇವರು ಗ್ಯಾರೇಜಿನಲ್ಲಿ ತಿಂಗಳಿಡೀ ಅದನ್ನೇ ಊದಿ ನನ್ನ ತಲೆ ತಿಂದರು.

ಉದ್ಘಾಟನೆಗೆ ಬಂದವರು ಬ್ಯಾಂಡ್ ಕಟ್ಟಿದ ಡೋರತಿ ಅಜ್ಜಿ. ತೊಂಬತ್ತೊಂದು ವರ್ಷ, ಕೈಯಲ್ಲಿ ವಾಕರ್. ಅವರು ಬಾಗಿಲು ದಾಟಿದಾಗ ವಾದ್ಯ ಶುರುವಾಯಿತು. ಎರಡು ನಿಮಿಷ ಮುಗಿದಾಗ ಅಜ್ಜಿ ಇನ್ನೂ ಅರ್ಧ ದಾರಿಯಲ್ಲಿದ್ದರು. ಗ್ರೇಮ್ ಕೈ ಇಳಿಸಿದ, ಎಲ್ಲರೂ ವಾದ್ಯ ಇಳಿಸಿದರು. ಇಡೀ ಹಾಲಿನಲ್ಲಿ ವಾಕರಿನ ಟಕ್ ಟಕ್ ಮಾತ್ರ.

ನಮ್ಮವರು ಇಳಿಸಲಿಲ್ಲ. ಮೊದಲಿನಿಂದ ಮತ್ತೆ ಶುರುಮಾಡಿದರು, ಒಬ್ಬರೇ! ಅಯ್ಯೋ ದೇವರೇ, ಹೋಯಿತಲ್ಲ ಕುರ್ಚಿ ಎಂದು ನಾನು ಸೆರಗು ಬಾಯಿಗಿಟ್ಟುಕೊಂಡೆ. ಗ್ರೇಮ್ ಕಣ್ಣು ಕೆಕ್ಕರಿಸಿ ನೋಡಿದ. ಅಷ್ಟರಲ್ಲಿ ಡ್ರಮ್ಮಿನವಳು ಸೇರಿದಳು, ಆಮೇಲೆ ಉಳಿದವರೂ ಸೇರಿದರು. ಕೊನೆಗೆ ಗ್ರೇಮನೂ ಕೈ ಎತ್ತಿದ. ಅಜ್ಜಿ ತಲೆ ಎತ್ತಿ, ಮಹಾರಾಣಿಯ ಹಾಗೆ ನಡೆದು ಹೋಗಿ ಕೂತರು. ಆಮೇಲೆಯೇ ಇವರು ನಿಲ್ಲಿಸಿದ್ದು.

ಕಾರಿನಲ್ಲಿ ಬೈದೆ. "ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ? ಮುಗಿದ ಮೇಲೂ ಯಾಕೆ ಊದಿದ್ದು?"

"ಅಜ್ಜಿ ಕೂತಿರ್ಲಿಲ್ಲಲ್ಲ ಗುಣವತಿ," ಎಂದರು. "ಮದುಮಗಳು ಮಂಟಪದಲ್ಲಿ ಕೂರುವ ಮೊದಲು ವಾದ್ಯ ನಿಲ್ಲಿಸಿದ್ರೆ ಅಪ್ಪ ಕೆನ್ನೆಗೆ ಕೊಡ್ತಿದ್ರು."

ಮುಂದಿನ ಮಂಗಳವಾರ ಅಭ್ಯಾಸ ಮುಗಿಸಿ ಬಂದವರು ಒಂದು ಹಾಳೆ ನನ್ನ ಕೈಗಿಟ್ಟರು. ಅದೇ ಇಂಟ್ರಾಡಾ. ಮೇಲೆ 'ಮೊದಲ ಟ್ರಂಪೆಟ್, ಕಮಲಾಕ್ಷ' ಎಂದಿತ್ತು. ಎಲ್ಲರ ಹಾಳೆಯಲ್ಲೂ ಗ್ರೇಮ್ ಪೆನ್ಸಿಲಿನಲ್ಲಿ ಇಂಗ್ಲಿಷಿನ ಒಂದು ಸಾಲು ಸೇರಿಸಿದ್ದನಂತೆ: ಬಂದವರು ಕೂರುವ ತನಕ ನಿಲ್ಲಿಸಬಾರದು.

ನನಗೆ ಅದರ ಸ್ವರಗಳನ್ನು ಓದಲು ಬಾರದು. ಆ ಸಾಲನ್ನು ಮಾತ್ರ ಇವತ್ತಿಗೂ ಓದುತ್ತೇನೆ.